2025-26ರ ಚಳಿಗಾಲದ ಜಂಪ್ ರೇಸಿಂಗ್: ಯಾವ ಕುದುರೆ ಮೇಲೆ ಕಣ್ಣಿಡಬೇಕು, ಯಾಕೆ?

ಬ್ರಿಟನ್ ಮತ್ತು ಐರ್ಲೆಂಡಿನ 2024-25ರ ಜಂಪ್ ರೇಸಿಂಗ್ ಸೀಸನ್ ಮುಗಿದಿದೆ. ಇದು 2025ರ ಬೇಸಿಗೆಯಲ್ಲಿ ಬರೆದದ್ದು: ದೊಡ್ಡ ಕುದುರೆಗಳೆಲ್ಲ ಈಗ ಹುಲ್ಲುಗಾವಲಲ್ಲಿ ಆರಾಮಾಗಿ ಹೊಟ್ಟೆ ಬೆಳೆಸಿಕೊಂಡು ನಿಂತಿವೆ. ಅಭಿಮಾನಿಗಳಿಗೆ ಮಾತ್ರ ಪುರುಸೊತ್ತಿಲ್ಲ. 2026ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ನಡೆಯುವ ಜಂಪ್ ರೇಸ್‌ಗಳ ದೊಡ್ಡ ಹಬ್ಬದಲ್ಲಿ ಯಾವುದು ಗೆಲ್ಲುತ್ತದೆ ಅಂತ ಈಗಲೇ ಪಟ್ಟಿ ಮಾಡುತ್ತಿದ್ದಾರೆ. ಇಂಥ ಪಟ್ಟಿಗಳಲ್ಲಿ ಮುಕ್ಕಾಲು ಪಾಲು ಹೋದ ವರ್ಷ ಗೆದ್ದ ಕುದುರೆಗಳ ಹೆಸರನ್ನೇ ಮತ್ತೆ ಬರೆದಿರುತ್ತಾರೆ. ಅದು ಸುಲಭ, ಆದರೆ ಜಂಪ್ ರೇಸಿಂಗ್‌ಗೆ ಅಷ್ಟಾಗಿ ಹೊಂದುವುದಿಲ್ಲ. ಯಾಕೆಂದರೆ ಇಲ್ಲಿ ಒಳ್ಳೆ ಎಳೆಯ ಕುದುರೆ ವರ್ಷ ವರ್ಷ ಬೇರೆ ಕೆಲಸಕ್ಕೆ ಸೇರುತ್ತದೆ. ಹೋದ ವರ್ಷ ಅದು ಏನು ಗೆದ್ದಿತು ಅನ್ನುವುದಕ್ಕಿಂತ, ಮುಂದಿನ ವರ್ಷ ಅದಕ್ಕೆ ಯಾವ ಕೆಲಸ ಕೊಡುತ್ತಾರೆ, ಆ ಕೆಲಸಕ್ಕೆ ಅದರ ಮೈ ಮತ್ತು ತಲೆ ಒಗ್ಗುತ್ತದಾ ಅನ್ನುವುದೇ ಮುಖ್ಯ.

ಮೊದಲು ಹಿನ್ನೆಲೆ ಹೇಳಿಬಿಡುತ್ತೇನೆ. ಬೆಂಗಳೂರು, ಮೈಸೂರಿನ ರೇಸ್ ಕೋರ್ಸ್‌ನಲ್ಲಿ ನಾವು ನೋಡುವುದು ಫ್ಲಾಟ್ ರೇಸಿಂಗ್. ದಾರಿಯಲ್ಲಿ ಅಡ್ಡಿ ಇಲ್ಲ, ಸುಮ್ನೆ ಓಡುವುದಷ್ಟೇ. ನಮ್ಮ ಇಂಡಿಯನ್ ಡರ್ಬಿ 2400 ಮೀಟರ್. ಜಂಪ್‌ನಲ್ಲಿ ಸಾಮಾನ್ಯವಾಗಿ ಅತಿ ಚಿಕ್ಕ ರೇಸ್ ಅಂದರೇ ಸುಮಾರು 3200 ಮೀಟರ್. ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ ಹತ್ತಿರ ಹತ್ತಿರ 5.3 ಕಿಲೋಮೀಟರ್, 22 ಫೆನ್ಸ್. ಏನ್‌ಟ್ರೀಯ ಗ್ರ್ಯಾಂಡ್ ನ್ಯಾಷನಲ್ ಸುಮಾರು 6.9 ಕಿಲೋಮೀಟರ್, 30 ಫೆನ್ಸ್. ಹಾಗಾಗಿ ಇಂಥ ದೊಡ್ಡ ರೇಸ್‌ಗಳಲ್ಲಿ ಎರಡು-ಮೂರು ವರ್ಷದ ಮರಿಗಳಿಗೆ ಜಾಗವಿಲ್ಲ, ಗೋಲ್ಡ್ ಕಪ್ ಗೆಲ್ಲುವ ಕುದುರೆಗೆ ಸಾಮಾನ್ಯವಾಗಿ ಏಳರಿಂದ ಒಂಬತ್ತು ವಯಸ್ಸಾಗಿರುತ್ತದೆ.

ಇನ್ನೊಂದು ವ್ಯತ್ಯಾಸ ಹೊಸಬರಿಗೆ ಗೊತ್ತಿರುವುದಿಲ್ಲ. ಜಂಪ್ ಕುದುರೆಗಳಲ್ಲಿ ಬಹುಪಾಲು ಗೆಲ್ಡಿಂಗ್‌ಗಳು, ಅಂದರೆ ಬೀಜ ತೆಗೆಸಿದ ಗಂಡು. ಫ್ಲಾಟ್‌ನಲ್ಲಿ ಒಂದು ಕುದುರೆ ಮೂರು ವರ್ಷಕ್ಕೇ ಡರ್ಬಿ ಗೆದ್ದರೆ ಅದನ್ನು ಸ್ಟಡ್ ಫಾರ್ಮ್‌ಗೆ ಕಳಿಸಿಬಿಡುತ್ತಾರೆ, ಮರಿ ಹಾಕಿಸಿದರೆ ದುಡ್ಡು ಜಾಸ್ತಿ. ಗೆಲ್ಡಿಂಗ್‌ಗೆ ಆ ದಾರಿಯೇ ಇಲ್ಲ, ಓಡಬೇಕು, ವರ್ಷ ವರ್ಷ ವಾಪಸ್ ಬರಬೇಕು. ಜನ ಒಂದೇ ಕುದುರೆಯನ್ನು ಐದಾರು ಚಳಿಗಾಲ ಹಿಂಬಾಲಿಸಿ ಹಚ್ಚಿಕೊಳ್ಳುವುದು, "ಮುಂದಿನ ಸೀಸನ್" ಅನ್ನುವ ಮಾತಿಗೆ ಇಷ್ಟು ತೂಕ ಬಂದಿರುವುದು ಇದರಿಂದಲೇ.

ಈಗ ಕೆಲಸ ಬದಲಾಗುವ ವಿಷಯಕ್ಕೆ ಬರೋಣ. ಸಾಮಾನ್ಯ ದಾರಿ ಮೂರು ಹಂತದ್ದು. ಮೊದಲು ಬಂಪರ್: ಜಂಪ್ ಕುದುರೆಗಳಿಗಾಗಿಯೇ ಇರುವ, ಅಡ್ಡಿಯಿಲ್ಲದ ಓಟ, ಎಳೆಯದಕ್ಕೆ ರೇಸ್ ಅಂದರೇನು ಅಂತ ತಿಳಿಯಲಿ ಅಂತ. ಆಮೇಲೆ ಹರ್ಡಲ್: ಮರದ ಚೌಕಟ್ಟಿಗೆ ರೆಂಬೆ ಹೆಣೆದದ್ದು, ಎತ್ತರ ಒಂದು ಮೀಟರ್‌ಗಿಂತ ತುಸು ಜಾಸ್ತಿ, ಕಾಲು ತಾಗಿದರೆ ಬಾಗುತ್ತದೆ. ಕೊನೆಗೆ ಚೇಸ್: ಬರ್ಚ್ ಕಡ್ಡಿಗಳನ್ನು ಒತ್ತೊತ್ತಾಗಿ ತುಂಬಿದ ಫೆನ್ಸ್, ಕನಿಷ್ಠ 1.37 ಮೀಟರ್ ಎತ್ತರ, ಕೆಲವಕ್ಕೆ ಮುಂದೆ ಹಳ್ಳ ಬೇರೆ. ಅದು ಬಾಗುವುದಿಲ್ಲ. ಪ್ರತಿ ಹಂತದಲ್ಲೂ ಮೊದಲ ವರ್ಷದ ಕುದುರೆಗೆ ನೋವಿಸ್ ಅನ್ನುತ್ತಾರೆ. ಸೀಸನ್ ಶುರುವಾಗುವ ಮೊದಲು ಆ ಬಗೆಯ ರೇಸ್ ಒಂದನ್ನೂ ಗೆಲ್ಲದಿದ್ದರೆ ಅದು ನೋವಿಸ್. ಹೋದ ವರ್ಷ ಹರ್ಡಲ್‌ನಲ್ಲಿ ರಾಜನಾಗಿದ್ದರೂ ಈ ವರ್ಷ ಫೆನ್ಸ್‌ಗೆ ಬಂದರೆ ಮತ್ತೆ ನೋವಿಸ್ಸೇ.

ಫೆನ್ಸ್ ಹತ್ತಿರ ಏನು ನಡೆಯುತ್ತದೆ ಅಂತ ಒಮ್ಮೆ ನಿಧಾನಕ್ಕೆ ನೋಡಬೇಕು. ಹರ್ಡಲ್‌ನಲ್ಲಿ ವೇಗ ಇರುವ ಕುದುರೆ ಹೆಚ್ಚುಕಡಿಮೆ ಓಡುತ್ತಲೇ ದಾಟಿಬಿಡುತ್ತದೆ, ಮೇಲಿನ ರೆಂಬೆಗೆ ಕಾಲು ಸವರಿದರೂ ನಡೆಯುತ್ತದೆ. ಫೆನ್ಸ್‌ನಲ್ಲಿ ಹಾಗಾಗುವುದಿಲ್ಲ. ಕೊನೆಯ ಮೂರು-ನಾಲ್ಕು ಹೆಜ್ಜೆಗಳಲ್ಲಿ ಲೆಕ್ಕ ಕೂಡಬೇಕು. ಹೆಜ್ಜೆ ಸರಿಯಾಗಿ ಬಿದ್ದರೆ ದೂರದಿಂದಲೇ ಎದ್ದು ಹಾರಬಹುದು, ಎದುರಾಳಿಗಿಂತ ಒಂದು ಮೈಯುದ್ದ ಗಾಳಿಯಲ್ಲೇ ಸಂಪಾದಿಸಬಹುದು. ಹೆಜ್ಜೆ ತಪ್ಪಿ ಬಿದ್ದರೆ, ಮುಂಗಾಲು ಒಟ್ಟುಮಾಡಿ ಪುಟ್ಟದೊಂದು ಹೆಜ್ಜೆ ಹೆಚ್ಚಿಗೆ ಇಟ್ಟು ಹತ್ತಿರದಿಂದ ಬೆಕ್ಕಿನ ಹಾಗೆ ಮೇಲಕ್ಕೆ ನೆಗೆಯಬೇಕು. ಒಳ್ಳೆ ಚೇಸರ್‌ಗೆ ಎರಡೂ ಬರುತ್ತದೆ. ಬರೀ ಮೊದಲನೆಯದು ಬರುವ ಕುದುರೆ ನೋಡುವುದಕ್ಕೆ ಭಾರಿ ಚೆಂದ, ಆದರೆ ಕೆಟ್ಟ ದಿನವೊಂದು ಕಾದಿರುತ್ತದೆ. ಜಾಕಿ ಎಷ್ಟೇ ದೊಡ್ಡವನಿರಲಿ, ಆ ಕೊನೆಯ ಹೆಜ್ಜೆಯ ತೀರ್ಮಾನ ಕುದುರೆಯದ್ದೇ.

ಇದಕ್ಕೆ 2025ರ ಆರ್ಕಲ್ ರೇಸ್ ಒಂದೇ ಸಾಕು. ಆರ್ಕಲ್ ಅಂದರೆ ಚೆಲ್ಟನ್‌ಹ್ಯಾಮ್‌ನಲ್ಲಿ ನೋವಿಸ್ ಚೇಸರ್‌ಗಳ ಎರಡು ಮೈಲಿ ಓಟ. ಐರ್ಲೆಂಡಿನ ತರಬೇತುದಾರ ವಿಲ್ಲಿ ಮಲಿನ್ಸ್ ಅವರ ಮಾಜ್‌ಬರೊ ಗೆಲ್ಲುವುದು ಗ್ಯಾರಂಟಿ ಅಂತ ಎಲ್ಲರೂ ಬರೆದಿದ್ದರು. ಅದು ಫೆನ್ಸ್‌ಗಳಲ್ಲಿ ಎಡವಿತು, ಮೂರನೆಯದಾಗಿ ಬಂತು. ಇಂಗ್ಲೆಂಡಿನ ತರಬೇತುದಾರ ನಿಕಿ ಹೆಂಡರ್ಸನ್ ಅವರ ಜ್ಯಾಂಗೊ ಬೇ ಹಿಂದೆ ಬಿದ್ದಿದ್ದದ್ದು ಕೊನೆಯ ಏರಿನಲ್ಲಿ ನುಗ್ಗಿ ಗೆದ್ದುಬಿಟ್ಟಿತು. ಈ ರೇಸ್‌ನಿಂದ ಮುಂದಿನ ಸೀಸನ್‌ಗೆ ನಾನು ತೆಗೆದುಕೊಂಡದ್ದು ಗೆದ್ದದ್ದು ಯಾವುದು ಅನ್ನುವುದನ್ನಲ್ಲ. ಜ್ಯಾಂಗೊ ಬೇಗೆ ಎರಡು ಮೈಲಿಯ ವೇಗ ಕಷ್ಟವಾಗುತ್ತಿತ್ತು, ದೂರ ಜಾಸ್ತಿಯಾದಷ್ಟೂ ಅದಕ್ಕೆ ಒಳ್ಳೆಯದು ಅನ್ನುವುದು ಕಣ್ಣಿಗೆ ಕಾಣುತ್ತಿತ್ತು. ಎರಡೂವರೆ, ಮೂರು ಮೈಲಿಗೆ ಹೋದರೆ ಅದು ಬೇರೆಯೇ ಕುದುರೆ ಆಗಬಹುದು. ಮಾಜ್‌ಬರೊಗೆ ಕೊರತೆ ಇರುವುದು ವೇಗದಲ್ಲಲ್ಲ. ಹಾರುವುದನ್ನು ಕಲಿತರೆ ಅದು ಚಾಂಪಿಯನ್ ಚೇಸ್ (ಚೆಲ್ಟನ್‌ಹ್ಯಾಮ್‌ನ ಎರಡು ಮೈಲಿಯ ದೊಡ್ಡ ಚೇಸ್) ಕುದುರೆ, ಕಲಿಯದಿದ್ದರೆ ಪ್ರತಿ ರೇಸ್‌ನಲ್ಲೂ ಉಸಿರು ಬಿಗಿಹಿಡಿದು ನೋಡಬೇಕಾದ ಕುದುರೆ.

ಹರ್ಡಲ್‌ನ ಮಿಂಚು ಫೆನ್ಸ್‌ಗೆ ಬಂದಾಗ ಮಂಕಾಗುವುದಕ್ಕೆ ಬ್ಯಾಲಿಬರ್ನ್ ಸಾಕ್ಷಿ. 2024ರ ಚೆಲ್ಟನ್‌ಹ್ಯಾಮ್‌ನಲ್ಲಿ ಅದು ನೋವಿಸ್ ಹರ್ಡಲ್ ಅನ್ನು 13 ಲೆಂಗ್ತ್‌ಗಳಿಂದ (ಅಂದರೆ 13 ಮೈಯುದ್ದ) ಗೆದ್ದಾಗ ಮುಂದಿನ ಗೋಲ್ಡ್ ಕಪ್ ರಾಜ ಇದೇ ಅಂದವರು ಕಡಿಮೆ ಇರಲಿಲ್ಲ. ಮುಂದಿನ ಚಳಿಗಾಲ ಕೆಂಪ್ಟನ್‌ನಲ್ಲಿ ಸರ್ ಜೀನೊ ಅದನ್ನು ಸೋಲಿಸಿತು. ಮಾರ್ಚ್‌ನಲ್ಲಿ ನೋವಿಸ್ ಚೇಸರ್‌ಗಳ ಮೂರು ಮೈಲಿಯ ಬ್ರೌನ್ ಅಡ್ವೈಸರಿ ರೇಸ್‌ನಲ್ಲಿ ಮೊದಲ ಮೂರರಲ್ಲೂ ಬರಲಿಲ್ಲ. ಗೆದ್ದದ್ದು ಅದೇ ಮಲಿನ್ಸ್ ಲಾಯದ, ಯಾರೂ ಹೆಚ್ಚು ಮಾತಾಡದ ಲೆಕಿ ವಾಟ್ಸನ್. ಇದಕ್ಕೆ ಉಲ್ಟಾ ಫ್ಯಾಕ್ಟ್ ಟು ಫೈಲ್. ಅದನ್ನು ಬಂಪರ್‌ನಿಂದ ನೇರವಾಗಿ ಫೆನ್ಸ್‌ಗೆ ಕಳಿಸಿದರು, ಹರ್ಡಲ್ ಹಂತವನ್ನೇ ದಾಟಿಸಿಬಿಟ್ಟರು. 2024ರಲ್ಲಿ ಬ್ರೌನ್ ಅಡ್ವೈಸರಿ ಗೆದ್ದಿತು, 2025ರಲ್ಲಿ ಚೆಲ್ಟನ್‌ಹ್ಯಾಮ್‌ನ ಎರಡೂವರೆ ಮೈಲಿಯ ರಯಾನ್‌ಏರ್ ಚೇಸ್ ಅನ್ನು ಆರಾಮಾಗಿ ಗೆದ್ದಿತು. ಹುಟ್ಟಾ ಚೇಸರ್ ಅಂದರೆ ಇದೇ ಅಲ್ವಾ.

ಹಾಗಾದರೆ 2025-26ರಲ್ಲಿ ಕೆಲಸ ಬದಲಿಸುವವು ಯಾವುವು? ನನ್ನ ಕಣ್ಣು ಮುಖ್ಯವಾಗಿ ಮೂರರ ಮೇಲೆ.

ಕೊಪೆಕ್ ದೆ ಬೋರ್ಡ್, ಮಲಿನ್ಸ್ ಅವರದ್ದು, 2025ರಲ್ಲಿ ಚೆಲ್ಟನ್‌ಹ್ಯಾಮ್‌ನ ಎರಡು ಮೈಲಿಯ ಸುಪ್ರೀಮ್ ನೋವಿಸ್ ಹರ್ಡಲ್ ಗೆದ್ದದ್ದು. ವೇಗದ ಬಗ್ಗೆ ಯಾರಿಗೂ ಅನುಮಾನವಿಲ್ಲ. ಅನುಮಾನ ಇರುವುದು ತಲೆಯ ಬಗ್ಗೆ: ರೇಸ್ ಶುರುವಾಗುವ ಮೊದಲೇ ಕಾವೇರುವ, ಓಡುವಾಗ ಲಗಾಮು ಎಳೆಯುವ ಜಾತಿ ಅದು. ಹರ್ಡಲ್‌ನಲ್ಲಿ ಇದನ್ನು ಸಹಿಸಬಹುದು. ಫೆನ್ಸ್‌ನಲ್ಲಿ ಎಳೆಯುತ್ತಾ ಬಂದ ಕುದುರೆ ಆ ಪುಟ್ಟ ಹೆಜ್ಜೆ ಇಡುವುದಿಲ್ಲ, ಸೀದಾ ನುಗ್ಗುತ್ತದೆ. ಹಾಗಾಗಿ ಫೆನ್ಸ್‌ಗೆ ಬಂದರೆ ಅದರ ಮೊದಲ ರೇಸ್ ನೋಡುವಾಗ ಎಷ್ಟು ಅಂತರದಿಂದ ಗೆದ್ದಿತು ಅಂತ ನೋಡಬೇಡಿ. ಮೂರನೇ, ನಾಲ್ಕನೇ ಫೆನ್ಸ್‌ಗೆ ಬರುವ ಹೊತ್ತಿಗೆ ಜಾಕಿಯ ಕೈ ಸಡಿಲವಾಗಿದೆಯಾ ಅಂತ ನೋಡಿ.

ಎರಡನೆಯದು ಫೈನಲ್ ಡಿಮ್ಯಾಂಡ್. ಇದೂ ಮಲಿನ್ಸ್ ಅವರದ್ದೇ, ಬೇರೆಯವರ ಹೆಸರು ಬರೆಯಬೇಕು ಅಂತ ಎಷ್ಟು ಪ್ರಯತ್ನಪಟ್ಟರೂ ಅವರ ಲಾಯದ ಸುತ್ತಲೇ ಬರುತ್ತೇವೆ. ಫೆಬ್ರವರಿಯಲ್ಲಿ ಲೆಪರ್ಡ್ಸ್‌ಟೌನ್‌ನಲ್ಲಿ ದೊಡ್ಡ ನೋವಿಸ್ ಹರ್ಡಲ್ ಗೆದ್ದು ಬಂದು, ಚೆಲ್ಟನ್‌ಹ್ಯಾಮ್‌ನ ಎರಡೂವರೆ ಮೈಲಿಯ ನೋವಿಸ್ ಹರ್ಡಲ್ ಆದ ಟರ್ನರ್ಸ್‌ನಲ್ಲಿ ಮೂರನೆಯದಾಯಿತು. ಮಾರ್ಚ್‌ನ ಸೋಲಿನಿಂದ ಅದರ ಹೆಸರು ಸ್ವಲ್ಪ ಕೆಳಗಿಳಿಯಿತು. ನನಗೆ ಅದೇ ಇಷ್ಟವಾದ ವಿಷಯ. ಎತ್ತರದ, ಉದ್ದ ಹೆಜ್ಜೆಯ ಕುದುರೆ ಅದು, ಮೈ ನೋಡಿದರೆ ಫೆನ್ಸ್‌ಗಾಗಿಯೇ ಹುಟ್ಟಿದಂತಿದೆ. ಒಂದನ್ನೇ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ, ಸುಪ್ರೀಮ್ ಗೆದ್ದದ್ದನ್ನಲ್ಲ.

ಮೂರನೆಯದು ಹೆಂಡರ್ಸನ್ ಅವರ ಲುಲಾಂಬಾ. ಫ್ರಾನ್ಸ್‌ನಿಂದ ಬಂದದ್ದು, 2025ರಲ್ಲಿ ಇನ್ನೂ ನಾಲ್ಕೇ ವರ್ಷ. ಮಾರ್ಚ್‌ನಲ್ಲಿ ನಾಲ್ಕು ವರ್ಷದವುಗಳ ಟ್ರಯಂಫ್ ಹರ್ಡಲ್‌ನಲ್ಲಿ ಕೂದಲೆಳೆಯಲ್ಲಿ ಸೋತಿತು. ಸೋಲಿಸಿದ್ದು ಬಾಜಿಯಲ್ಲಿ ಒಂದಕ್ಕೆ ನೂರರ ಪೊನಿರೋಸ್, ಫ್ಲಾಟ್‌ನಲ್ಲಿ ಓಡುತ್ತಿದ್ದ ಕುದುರೆ, ಅವತ್ತೇ ಮೊದಲ ಸಲ ಹರ್ಡಲ್ ರೇಸ್‌ಗೆ ಇಳಿದದ್ದು. ಫ್ರಾನ್ಸ್‌ನಲ್ಲಿ ಕುದುರೆಗಳಿಗೆ ಮೂರು ವರ್ಷಕ್ಕೇ ಹಾರಲು ಕಲಿಸುತ್ತಾರೆ, ಐರ್ಲೆಂಡ್‌ನಲ್ಲಿ ಸಾಮಾನ್ಯವಾಗಿ ಆ ವಯಸ್ಸಿನವು ಹೊಲದಲ್ಲೇ ಬೆಳೆಯುತ್ತಿರುತ್ತವೆ. ಅದಕ್ಕೇ ಅಲ್ಲಿಂದ ಬಂದವು ಎಳೆಯ ವಯಸ್ಸಿಗೇ ಫೆನ್ಸ್‌ಗೆ ಸಿದ್ಧವಾಗಿರುತ್ತವೆ, ಮೇಲಾಗಿ ನಾಲ್ಕು ವರ್ಷದ ಕುದುರೆಗೆ ದೊಡ್ಡವುಗಳ ಎದುರು ಭಾರದಲ್ಲಿ ರಿಯಾಯಿತಿ ಸಿಗುತ್ತದೆ. ಅದನ್ನು ಈ ವರ್ಷವೇ ಫೆನ್ಸ್‌ಗೆ ಕಳಿಸಿದರೆ ನನಗೆ ಆಶ್ಚರ್ಯವಿಲ್ಲ.

ನೋವಿಸ್ ಚೇಸರ್‌ಗಳ ಮಾಲೀಕರಿಗೆ ಇನ್ನೊಂದು ತಲೆನೋವಿದೆ. ಚೆಲ್ಟನ್‌ಹ್ಯಾಮ್‌ನಲ್ಲಿ ಮೊದಲು ಎರಡೂವರೆ ಮೈಲಿಯ ಗ್ರೇಡ್ 1 (ಅತಿ ಮೇಲಿನ ದರ್ಜೆಯ) ನೋವಿಸ್ ಚೇಸ್ ಒಂದಿತ್ತು. 2025ರಿಂದ ಅದನ್ನು ತೆಗೆದು, ಅದರ ಜಾಗಕ್ಕೆ ನೋವಿಸ್ ಹ್ಯಾಂಡಿಕ್ಯಾಪ್ ತಂದರು. ಹ್ಯಾಂಡಿಕ್ಯಾಪ್ ಅಂದರೆ ಚೆನ್ನಾಗಿರುವ ಕುದುರೆಗೆ ಹೆಚ್ಚು ಭಾರ ಹೊರಿಸಿ ಎಲ್ಲವನ್ನೂ ಸಮ ಮಾಡುವ ರೇಸ್. ಹೀಗಾಗಿ ದೊಡ್ಡ ಹೆಸರಿನ ನೋವಿಸ್‌ಗೆ ಎರಡೇ ದಾರಿ: ಎರಡು ಮೈಲಿಯ ಆರ್ಕಲ್ ಅಥವಾ ಮೂರು ಮೈಲಿಯ ಬ್ರೌನ್ ಅಡ್ವೈಸರಿ. ನಡುವಿನದು ಹೊಂದುವ ಕುದುರೆ ಎರಡರಲ್ಲಿ ಒಂದಕ್ಕೆ ಒಗ್ಗಿಕೊಳ್ಳಬೇಕು. ನೋಡುವವರಿಗೆ ಇದು ಒಳ್ಳೆಯದೇ, ಒಳ್ಳೆ ಕುದುರೆಗಳು ಪರಸ್ಪರ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಇನ್ನು ಹರ್ಡಲ್‌ನಲ್ಲೇ ಉಳಿಯುವ ದೊಡ್ಡವರ ಗುಂಪು. ಇಲ್ಲಿ ಪರಿಸ್ಥಿತಿ ಪೂರ್ತಿ ಗೋಜಲು. ಚೆಲ್ಟನ್‌ಹ್ಯಾಮ್‌ನ ಎರಡು ಮೈಲಿಯ ದೊಡ್ಡ ಹರ್ಡಲ್ ರೇಸ್ ಆದ ಚಾಂಪಿಯನ್ ಹರ್ಡಲ್‌ನಲ್ಲಿ 2025ರಲ್ಲಿ ಆದದ್ದು ನಂಬಲಿಕ್ಕಾಗದ ಕಥೆ. ಅಲ್ಲಿಯವರೆಗೆ ಒಮ್ಮೆಯೂ ಸೋಲದಿದ್ದ ಕಾನ್‌ಸ್ಟಿಟ್ಯೂಷನ್ ಹಿಲ್ ನಡುವೆಯೇ ಬಿದ್ದಿತು. ಹಿಂದಿನ ವರ್ಷದ ಚಾಂಪಿಯನ್ ಸ್ಟೇಟ್ ಮ್ಯಾನ್ ಎಲ್ಲರನ್ನೂ ಹಿಂದೆ ಹಾಕಿ ಬರುತ್ತಿದ್ದದ್ದು ಕೊನೆಯ ಹರ್ಡಲ್‌ನಲ್ಲಿ ಬಿದ್ದಿತು. ಜೆರೆಮಿ ಸ್ಕಾಟ್ ಅವರ ಗೋಲ್ಡನ್ ಏಸ್ ಅನ್ನುವ ಹೆಣ್ಣು ಕುದುರೆ, ಒಂದಕ್ಕೆ ಇಪ್ಪತ್ತೈದು, ಗೆದ್ದೇ ಬಿಟ್ಟಿತು. ಏಪ್ರಿಲ್‌ನಲ್ಲಿ ಏನ್‌ಟ್ರೀಯಲ್ಲಿ ಕಾನ್‌ಸ್ಟಿಟ್ಯೂಷನ್ ಹಿಲ್ ಮತ್ತೆ ಬಿದ್ದಿತು. ಒಂದು ಸಲ ಬಿದ್ದರೆ ಅದೃಷ್ಟ ಕೆಟ್ಟಿತ್ತು ಅನ್ನಬಹುದು, ಎರಡು ಸಲ ಬಿದ್ದ ಮೇಲೆ ಕುದುರೆಯ ಮನಸ್ಸಿನಲ್ಲಿ ಏನಿದೆ ಅಂತ ಕೇಳಲೇಬೇಕು. 2022ರಲ್ಲಿ ಸುಪ್ರೀಮ್ ಅನ್ನು 22 ಲೆಂಗ್ತ್‌ನಿಂದ ಗೆದ್ದ ಕುದುರೆ ಇದು. ಆ ದಿನದ ಓಟ ಕಣ್ಣ ಮುಂದೆಯೇ ಇರುವುದರಿಂದ ಅದನ್ನು ಪಟ್ಟಿಯಿಂದ ಕಿತ್ತುಹಾಕಲು ನನಗೆ ಕೈ ಬರುವುದಿಲ್ಲ, ಆದರೆ ಮೇಲೆ ಇಡಲೂ ಧೈರ್ಯವಿಲ್ಲ.

ಈ ಗೋಜಲಿನಲ್ಲಿ ನನಗೆ ಸ್ಪಷ್ಟವಾಗಿ ಕಾಣುವುದು ದ ನ್ಯೂ ಲಯನ್. ಡ್ಯಾನ್ ಸ್ಕೆಲ್ಟನ್ ತರಬೇತಿ, ಸವಾರಿ ಅವರ ತಮ್ಮ ಹ್ಯಾರಿಯದ್ದು. ನ್ಯೂಬರಿಯಲ್ಲಿ ಚಾಲೋ ಹರ್ಡಲ್ ಗೆದ್ದಿತು, ಮಾರ್ಚ್‌ನಲ್ಲಿ ಟರ್ನರ್ಸ್ ಗೆದ್ದಿತು, 2024-25ರ ಕೊನೆಯವರೆಗೆ ಓಡಿದ ಒಂದು ರೇಸ್‌ನಲ್ಲೂ ಸೋತಿರಲಿಲ್ಲ. ನಡುವೆ ಐರ್ಲೆಂಡಿನ ದೊಡ್ಡ ಕುದುರೆ ಮಾಲೀಕ ಜೆ. ಪಿ. ಮೆಕ್‌ಮಾನಸ್ ಅದನ್ನು ಕೊಂಡುಕೊಂಡರು. ಅವರಿಗೆ ಆಯ್ಕೆ ಎರಡು: ಫೆನ್ಸ್‌ಗೆ ಕಳಿಸುವುದು, ಇಲ್ಲವೇ ಒಂದು ವರ್ಷ ಹರ್ಡಲ್‌ನಲ್ಲೇ ಇಟ್ಟು ಚಾಂಪಿಯನ್ ಹರ್ಡಲ್‌ಗೆ ಗುರಿ ಇಡುವುದು. ಸಿಂಹಾಸನ ಖಾಲಿ ಕಾಣುತ್ತಿರುವ ವರ್ಷದಲ್ಲಿ ಹರ್ಡಲ್‌ನಲ್ಲೇ ಇಡುವುದು ಜಾಣತನ. ಪ್ರಶ್ನೆ ಇರುವುದು ಒಂದೇ, ಎರಡೂವರೆ ಮೈಲಿಯಲ್ಲಿ ಗೆದ್ದದ್ದಕ್ಕೆ ಎರಡು ಮೈಲಿಯ ಬಿರುಸು ಇದೆಯಾ ಅಂತ. ಇದರ ಎದುರು ಮಲಿನ್ಸ್ ಅವರ ಲಾಸಿಮೌತ್ ಇದೆ. 2024, 2025 ಎರಡೂ ವರ್ಷ ಚೆಲ್ಟನ್‌ಹ್ಯಾಮ್‌ನಲ್ಲಿ ಹೆಣ್ಣು ಕುದುರೆಗಳ ಹರ್ಡಲ್ ರೇಸ್ ಗೆದ್ದಿದೆ, ಏನ್‌ಟ್ರೀಯಲ್ಲಿ ಗಂಡುಗಳನ್ನೂ ಸೋಲಿಸಿದೆ. ಹೆಣ್ಣು ಕುದುರೆಗೆ ಚಾಂಪಿಯನ್ ಹರ್ಡಲ್‌ನಲ್ಲಿ 7 ಪೌಂಡ್ ಭಾರ ಕಡಿಮೆ. ಇಷ್ಟಿದ್ದೂ ಸುಲಭದ ರೇಸ್‌ಗೇ ಮತ್ತೆ ಕಳಿಸಿದರೆ ಬೇಜಾರಾಗುತ್ತದೆ.

ಸರ್ ಜೀನೊ ವಿಷಯ ಬೇರೆ. 2024ರ ಕೊನೆಯಲ್ಲಿ ನ್ಯೂಕಾಸಲ್‌ನಲ್ಲಿ ಫೈಟಿಂಗ್ ಫಿಫ್ತ್ ಹರ್ಡಲ್ ಗೆದ್ದು, ಕೆಲವೇ ವಾರದಲ್ಲಿ ಕೆಂಪ್ಟನ್‌ನಲ್ಲಿ ಮೊದಲ ಚೇಸ್‌ನಲ್ಲೇ ಬ್ಯಾಲಿಬರ್ನ್ ಅನ್ನು ಸೋಲಿಸಿದ ಕುದುರೆ. ಆಮೇಲೆ ಕಾಲಿನ ಸೋಂಕಿನಿಂದ ಸೀಸನ್ ಅಲ್ಲಿಗೇ ನಿಂತಿತು. ವಾಪಸ್ ಬಂದರೆ ಇಲ್ಲಿ ಬರೆದಿರುವ ಯಾವ ಕುದುರೆಗೂ ಕಮ್ಮಿಯಿಲ್ಲ. ಬಂದರೆ ಅಂತ ಹೇಳಬೇಕಾಗಿರುವುದೇ ಈ ಆಟದ ಕಷ್ಟ. ಕಾಲಿನ ಸ್ನಾಯುರಜ್ಜಿನ (ಟೆಂಡನ್) ಗಾಯಕ್ಕೆ ಒಂದು ವರ್ಷ ಹೋಗುವುದು ಇಲ್ಲಿ ಮಾಮೂಲು.

ಗೋಲ್ಡ್ ಕಪ್‌ಗೆ ಬಂದರೆ, 2025ರ ಚಾಂಪಿಯನ್ ಇನೋದವೇಯರ್‌ಥಿಂಕಿನ್. ಹೆಸರು ಒಂದೇ ಉಸಿರಿಗೆ ಹೇಳಬೇಕು, ಓಟದ ಕುದುರೆಯ ಹೆಸರಿಗೆ ಇರುವ 18 ಇಂಗ್ಲಿಷ್ ಅಕ್ಷರಗಳ ಮಿತಿಯನ್ನು ಅದು ಪೂರ್ತಿ ಬಳಸಿಕೊಂಡಿದೆ. ಗೇವಿನ್ ಕ್ರಾಮ್‌ವೆಲ್ ತರಬೇತಿಯ ಈ ಕುದುರೆ ಆ ಸೀಸನ್‌ನಲ್ಲಿ ಗೋಲ್ಡ್ ಕಪ್‌ಗೆ ಮೊದಲು ಒಂದು ರೇಸ್ ಕೂಡ ಗೆದ್ದಿರಲಿಲ್ಲ. ಎಂಟ್ರಿಯನ್ನೂ ಮಾಡಿರಲಿಲ್ಲ, ಕೊನೆಗೆ 25,000 ಪೌಂಡ್ ಹೆಚ್ಚುವರಿ ಕಟ್ಟಿ ಸೇರಿಸಿದರು. ಮೂರನೇ ಸಲಕ್ಕೆ ಬಂದಿದ್ದ ಗ್ಯಾಲೊಪಾಂ ದೇ ಶಾಂ ಅನ್ನು ಏರಿನಲ್ಲಿ ಬಿಟ್ಟು ಮುಂದೆ ಹೋಯಿತು. ಕೊನೆಯ ಕೆಲವು ರೇಸ್‌ಗಳ ಅಂಕಿ ನೋಡಿ ಕುದುರೆ ಆರಿಸುವವರಿಗೆ ಅದು ಸಿಕ್ಕುತ್ತಲೇ ಇರಲಿಲ್ಲ. ಹಿಂದಿನ ವರ್ಷ ಅದು ಚೆಲ್ಟನ್‌ಹ್ಯಾಮ್‌ನಲ್ಲಿ, ಏನ್‌ಟ್ರೀಯಲ್ಲಿ ಮೂರು ಮೈಲಿಯ ಮೇಲೆ ಗೆದ್ದದ್ದನ್ನು, ಅಂದರೆ ದೂರ ಮತ್ತು ವಸಂತ ಬಂದರೆ ಅದು ಅರಳುತ್ತದೆ ಅನ್ನುವುದನ್ನು, ನೆನಪಿಟ್ಟವರಿಗೆ ಮಾತ್ರ ಸಿಕ್ಕಿತು. ಹಾಗಾಗಿ 2025ರ ನವೆಂಬರ್, ಡಿಸೆಂಬರ್‌ನಲ್ಲಿ ಅದು ಸೋತರೆ ಗಾಬರಿಯಾಗಬೇಡಿ.

ಗ್ಯಾಲೊಪಾಂ ದೇ ಶಾಂಗೆ 2026ರ ಜನವರಿ 1ಕ್ಕೆ ಹತ್ತು ತುಂಬುತ್ತದೆ, ಬ್ರಿಟನ್, ಐರ್ಲೆಂಡಿನ ಎಲ್ಲ ಓಟದ ಕುದುರೆಗಳ ಹುಟ್ಟುಹಬ್ಬವೂ ಅದೇ ದಿನ. ಹತ್ತು ವಯಸ್ಸಿನ ಕುದುರೆ ಕೊನೆಯ ಸಲ ಗೋಲ್ಡ್ ಕಪ್ ಗೆದ್ದದ್ದು 1998ರಲ್ಲಿ, ಕೂಲ್ ಡಾನ್. ಒಮ್ಮೆ ಕಳೆದುಕೊಂಡ ಗೋಲ್ಡ್ ಕಪ್ ಅನ್ನು ಮತ್ತೆ ಗೆದ್ದದ್ದು ಕೌಟೋ ಸ್ಟಾರ್ ಒಂದೇ, 2009ರಲ್ಲಿ. ಎರಡೂ ಲೆಕ್ಕ ಅದಕ್ಕೆ ವಿರುದ್ಧ. ಫ್ಯಾಕ್ಟ್ ಟು ಫೈಲ್ ಅನ್ನು ಮತ್ತೆ ರಯಾನ್‌ಏರ್‌ಗೇ ಕಳಿಸುತ್ತಾರೋ ಗೋಲ್ಡ್ ಕಪ್‌ಗೆ ತರುತ್ತಾರೋ ಅನ್ನುವುದು ಇನ್ನೊಂದು ಪ್ರಶ್ನೆ. ಅದೂ ಇನೋದವೇಯರ್‌ಥಿಂಕಿನ್ ಕೂಡ ಮೆಕ್‌ಮಾನಸ್ ಅವರದ್ದೇ ಆದ್ದರಿಂದ ಪರಸ್ಪರ ಓಡಿಸದೆ ಹಂಚಿಬಿಡುವ ಸಾಧ್ಯತೆಯೇ ಹೆಚ್ಚು ಅಂತ ನನ್ನ ಅಂದಾಜು.

ಮಲಿನ್ಸ್ ಬಗ್ಗೆ ಒಂದು ಮಾತು. 2025ರ ಚೆಲ್ಟನ್‌ಹ್ಯಾಮ್‌ನ 28 ರೇಸ್‌ಗಳಲ್ಲಿ ಹತ್ತು ಅವರೇ ಗೆದ್ದರು. ಗ್ರ್ಯಾಂಡ್ ನ್ಯಾಷನಲ್ ಅನ್ನು ನಿಕ್ ರಾಕೆಟ್ ಮೇಲೆ ಅವರ ಮಗ ಪ್ಯಾಟ್ರಿಕ್ ಗೆದ್ದಾಗ ಟೀವಿ ಕ್ಯಾಮೆರಾ ಮುಂದೆ ಆ ಮನುಷ್ಯ ಅತ್ತುಬಿಟ್ಟರು. ಬ್ರಿಟನ್‌ನ ಚಾಂಪಿಯನ್ ಟ್ರೈನರ್ ಪಟ್ಟವನ್ನು ಸೀಸನ್ನಿನ ಕೊನೆಯ ದಿನ ಸ್ಯಾಂಡೌನ್‌ನಲ್ಲಿ ಸ್ಕೆಲ್ಟನ್ ಕೈಯಿಂದ ಕಿತ್ತುಕೊಂಡರು. ಸ್ಪರ್ಧೆ ಸಾಯುತ್ತಿದೆ ಅಂತ ದೂರುವವರ ಮಾತಲ್ಲಿ ಅರ್ಥವಿದೆ. ಒಂದೇ ಲಾಯದಲ್ಲಿ ಇಷ್ಟು ಒಳ್ಳೆ ಕುದುರೆಗಳಿದ್ದರೆ ಅವನ್ನು ಬೇರೆ ಬೇರೆ ರೇಸ್‌ಗೆ ಹಂಚುತ್ತಾರೆ, ನಾವು ನೋಡಬೇಕೆಂದ ಮುಖಾಮುಖಿ ನಡೆಯುವುದೇ ಇಲ್ಲ.

ಜಾಕಿಗಳ ಸಾಲೂ ಬದಲಾಗುತ್ತಿದೆ. 2021ರಲ್ಲಿ ಗ್ರ್ಯಾಂಡ್ ನ್ಯಾಷನಲ್, 2022ರಲ್ಲಿ ಗೋಲ್ಡ್ ಕಪ್ ಗೆದ್ದ ಮೊದಲ ಮಹಿಳೆ ರೇಚಲ್ ಬ್ಲ್ಯಾಕ್‌ಮೋರ್ 2025ರ ಮೇ ತಿಂಗಳಲ್ಲಿ ನಿವೃತ್ತಿ ಹೇಳಿದರು. ಅದೇ ವರ್ಷದ ಫೆಬ್ರವರಿಯಲ್ಲಿ 24 ವರ್ಷದ ಜಾಕಿ ಮೈಕಲ್ ಓಸಲಿವನ್ ರೇಸ್‌ನಲ್ಲಿ ಬಿದ್ದು ತೀರಿಕೊಂಡರು. 2023ರಲ್ಲಿ ಅವರು ಸುಪ್ರೀಮ್ ಗೆಲ್ಲಿಸಿದ್ದ ಮರೀನ್ ನ್ಯಾಷನಾಲ್, ಅವರು ಹೋದ ಮುಂದಿನ ತಿಂಗಳೇ ಚಾಂಪಿಯನ್ ಚೇಸ್ ಗೆದ್ದಿತು. ಅಪಾಯ ಕುದುರೆಗಳಿಗೂ ಇದೆ, ಅದನ್ನು ಮುಚ್ಚಿಟ್ಟು ಈ ಆಟದ ಬಗ್ಗೆ ಬರೆಯುವುದು ಸರಿಯಲ್ಲ. ನ್ಯಾಷನಲ್‌ನಲ್ಲಿ 40 ಕುದುರೆ ಓಡುತ್ತಿದ್ದದ್ದನ್ನು 2024ರಿಂದ 34ಕ್ಕೆ ಇಳಿಸಿದ್ದು ಆ ಕಾರಣಕ್ಕೇ.

ಯಾವಾಗ ನೋಡಬೇಕು ಅಂತ ಕೇಳಿದರೆ, ನಿಜವಾದ ಸೀಸನ್ ಅಕ್ಟೋಬರ್‌ನಲ್ಲಿ ಚೆಪ್‌ಸ್ಟೋದಿಂದ ಶುರು. ಮಳೆ ಬಿದ್ದು ನೆಲ ಮೆದುವಾಗುವವರೆಗೆ ದೊಡ್ಡವು ಹೊರಗೆ ಬರುವುದಿಲ್ಲ, ಗಟ್ಟಿ ನೆಲದ ಮೇಲೆ ಹಾರಿ ಇಳಿದರೆ ಕಾಲಿಗೆ ಪೆಟ್ಟು. ನವೆಂಬರ್‌ನಲ್ಲಿ ಡೌನ್ ರಾಯಲ್, ವೆದರ್‌ಬಿ, ಹೇಡಾಕ್. ಡಿಸೆಂಬರ್ ಮೊದಲ ವಾರ ಸ್ಯಾಂಡೌನ್‌ನಲ್ಲಿ ಟಿಂಗಲ್ ಕ್ರೀಕ್ ಚೇಸ್, 26ಕ್ಕೆ ಕೆಂಪ್ಟನ್‌ನಲ್ಲಿ ಕಿಂಗ್ ಜಾರ್ಜ್ ಚೇಸ್, ಅದೇ ವಾರ ಡಬ್ಲಿನ್ ಹತ್ತಿರದ ಲೆಪರ್ಡ್ಸ್‌ಟೌನ್. ಚೆಲ್ಟನ್‌ಹ್ಯಾಮ್ 2026ರ ಮಾರ್ಚ್ 10ರಿಂದ 13, ಗ್ರ್ಯಾಂಡ್ ನ್ಯಾಷನಲ್ ಏಪ್ರಿಲ್ 11. ಅಲ್ಲಿಯ ಮಧ್ಯಾಹ್ನದ ರೇಸ್ ನಮಗೆ ರಾತ್ರಿ ಊಟದ ಹೊತ್ತಿಗೆ ಬರುತ್ತದೆ. ಲಂಡನ್ ಕಡೆ ಇರುವ ನಮ್ಮವರು ಒಂದೇ ಒಂದು ದಿನ ಹೋಗುವುದಾದರೆ ಸ್ಯಾಂಡೌನ್‌ಗೆ ಹೋಗಿ, ಅಲ್ಲಿ ರೈಲ್ವೆ ಹಳಿ ಪಕ್ಕ ಒಂದರ ಹಿಂದೊಂದು ಮೂರು ಫೆನ್ಸ್ ಹತ್ತಿರ ಹತ್ತಿರ ಬರುತ್ತವೆ. ಮೊದಲನೆಯದರಲ್ಲಿ ಹೆಜ್ಜೆ ತಪ್ಪಿದರೆ ಮೂರನೆಯದರವರೆಗೂ ಸುಧಾರಿಸಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ. ಹೊಸ ಚೇಸರ್ ಎಂಥದ್ದು ಅಂತ ತಿಳಿಯಲು ನನಗೆ ಗೊತ್ತಿರುವ ಮಟ್ಟಿಗೆ ಅದಕ್ಕಿಂತ ಒಳ್ಳೆ ಜಾಗವಿಲ್ಲ.